ಇಂಗ್ಲಿಷ್ ಕತೆಗೆ ಕನ್ನಡದ ಹೂಂ

ಕಿಟಕಿಗೆ ಗ್ರಿಲ್ ಮಾಡಿಸಬೇಕೆಂದು ಮೊನ್ನೆ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿಗೆ ಹೋಗಿದ್ದೆ. ಅದರ ಮಾಲೀಕ ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನು. ಅಳತೆಯ ಮಾತು ಶುರುವಾಗುವ ಮೊದಲೇ ಕಾದ ಕಬ್ಬಿಣ, ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಇಂಗ್ಲಿಷ್ ಮಿಸ್ಸು ನೆನಪಾದರು...

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಮ್ಮ ಕನ್ನಡ ಮೀಡಿಯಂ ಶಾಲೆಯ ಗೋಡೆಗೆ ಕಬ್ಬಿಣ ಕಡೆಯುವ ಲೇತ್ ಷೆಡ್ಡೊಂದು ಅಂಟಿಕೊಂಡಿತ್ತು. ಇದೇ ವಾಸನೆಯಲ್ಲಿ ಕೂತು ನಾವು ಇಂಗ್ಲಿಷ್ ಕಲಿಯಬೇಕಿತ್ತು, ಕಲಿಯುತ್ತಿರಲಿಲ್ಲ. ಆ ಪೀರಿಯಡ್ ಬಂತೆಂದರೆ ಇಡೀ ಕ್ಲಾಸಿನ ಬಾಯಿಗೆ ಬೀಗ.

ಹೊಸದಾಗಿ ಬಂದ ಮಿಸ್ಸು ಪುಸ್ತಕ ಮುಚ್ಚಿಸಿ, ನಿಮ್ಮ ಬೀದಿಯ ಕತೆ ಯಾವುದಾದರೂ ಹೇಳಿ ಎಂದರು. ನಮಗೆಲ್ಲ ಗೊತ್ತಿದ್ದದ್ದು 'ನಾಳೆ ಬಾ' ದೆವ್ವದ ಕತೆ. ರಾತ್ರಿ ಬಾಗಿಲ ಬಳಿ ಬಂದು ಅಮ್ಮನ ದನಿಯಲ್ಲಿ ಕರೆಯುವ ದೆವ್ವ, ಓಗೊಟ್ಟರೆ ಮುಗಿಯಿತು. ನಾವು ಚಿಕ್ಕವರಿದ್ದಾಗ ದೆವ್ವ ಓದಿ ವಾಪಸು ಹೋಗಲೆಂದು ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ಮಿಸ್ಸು ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸತೊಡಗಿದರು. ಜೊತೆಗೆ ಅಜ್ಜಿಯರ ಕಟ್ಟಳೆಯನ್ನೂ ಇಟ್ಟುಕೊಂಡರು: ಒಬ್ಬರು ಒಂದು ವಾಕ್ಯ ಹೇಳಬೇಕು, ಉಳಿದವರು ಹೂಂ ಅನ್ನಬೇಕು. ಅರ್ಥವಾಗದಿದ್ದರೆ ಹೂಂ ಅನ್ನಕೂಡದು. ಹೂಂ ಬಾರದೆ ಕತೆ ಮುಂದೆ ಹೋಗಕೂಡದು. ಆ ಹೂಂ ಬರುವಷ್ಟರಲ್ಲಿ ಮುಂದಿನ ವಾಕ್ಯ ಹೊಂದಿಸಿಕೊಳ್ಳಲು ನಮಗೆ ಉಸಿರು ಸಿಗುತ್ತಿತ್ತು. ಹೀಗೆ ಮೂಕರಂತಿದ್ದ ನಾವು ಮಾತಾಡತೊಡಗಿದೆವು.

ಸುದ್ದಿ ಮನೆಗಳಿಗೆ ಹೋಯಿತು. ಶಾಲೆಯಲ್ಲಿ ದೆವ್ವದ ಕತೆ ಕಲಿಸುತ್ತಾರಂತೆ ಎಂದು ಅಪ್ಪಂದಿರು ಗಲಾಟೆ ಮಾಡಿದರು. ನಮ್ಮಪ್ಪನೇ ಎಲ್ಲರಿಗಿಂತ ಮುಂದೆ. ಶಾಲೆಯ ಸೆಕ್ರೆಟರಿ ಖುದ್ದಾಗಿ ಕ್ಲಾಸಿಗೆ ಬಂದು ಕಡ್ಡಿ ಮುರಿದಂತೆ ಹೇಳಿದರು: "ಒಂದ್ ಮಗು ನೆಟ್ಟಗೆ ಇಂಗ್ಲಿಷ್ ಮಾತಾಡ್ಲಿ. ಇಲ್ದಿದ್ರೆ ನಾಳೆಯಿಂದ ನೀವು ಬರೋದ್ ಬೇಡಮ್ಮ."

"ದೆವ್ವಕ್ಕೆ ಹೆದರ್ತಾರೆ ಸಾರ್, ಇಂಗ್ಲಿಷಿಗೆ ಹೆದರಲ್ಲ. ಕೇಳಿ ನೋಡಿ" ಎಂದರು ಮಿಸ್ಸು.

"ಆಯ್ತು. ಆದ್ರೆ ಬೇರೆ ಯಾರೂ ತುಟಿ ಬಿಚ್ಚಬಾರ್ದು. ನೀವೂ ಅಷ್ಟೇ."

ಮಿಸ್ಸಿನ ಕಣ್ಣು ಹುಡುಗಿಯರ ಬೆಂಚಿನಲ್ಲಿದ್ದ ನನ್ನ ಮೇಲೆ ಬಿತ್ತು. ಹಾಳಾದ್ದು, ನನ್ನ ಮೇಲೇ ಬೀಳಬೇಕೇ!

"ದೇರ್ ವಾಸ್ ಎ ಗೋಸ್ಟ್ ಇನ್ ಅವರ್ ಸ್ಟ್ರೀಟ್" ಎಂದು ನಿಲ್ಲಿಸಿದೆ. ಹೂಂ ಬರಲಿಲ್ಲ. ಬಾರದೆಂದು ಗೊತ್ತಿದ್ದರೂ ಕಾದೆ. "ಅಟ್ ನೈಟ್ ಇಟ್ ಕೇಮ್ ಟು ದ ಡೋರ್." ಪಕ್ಕದ ಲೇತ್ ಕರಕರ ಅನ್ನುತ್ತಿತ್ತು, ಅಷ್ಟೇ. "ಇಟ್ ಕಾಲ್ಡ್ ಇನ್ ಮದರ್ಸ್ ವಾಯ್ಸ್..." ಮುಂದಿನ ವಾಕ್ಯ ಹೊಂದಿಸಿಕೊಳ್ಳಲಾಗಲಿಲ್ಲ. ಮಿಸ್ಸು ಸೆರಗಿನ ತುದಿ ಹಿಡಿದು ನೆಲ ನೋಡುತ್ತಿದ್ದರು. ನನ್ನಿಂದಾಗಿ ಇವರ ಕೆಲಸ ಹೋಗುತ್ತದೆ ಎಂದುಕೊಂಡೆ. ಸೆಕ್ರೆಟರಿ ನನ್ನನ್ನೇ ದಿಟ್ಟಿಸುತ್ತಿದ್ದರು.

"ಹೂಂ... ಆಮೇಲೆ?" ಎಂದುಬಿಟ್ಟರು.

ಅವರಿಗೂ ಒಬ್ಬ ಅಜ್ಜಿ ಇದ್ದಿರಬೇಕು. ನಾನು ಒಂದೊಂದೇ ವಾಕ್ಯ ಹೇಳಿದೆ, ಅವರು ಒಂದೊಂದೇ ಹೂಂ ಕೊಟ್ಟರು. ಕತೆ ಮುಗಿಯಿತು, ಮಿಸ್ಸು ಉಳಿದರು. ಸೆಕ್ರೆಟರಿ ಹೊರಟುಹೋದ ಮೇಲೆ ಮಿಸ್ಸು ಬೋರ್ಡಿನ ಕಡೆ ತಿರುಗಿ ನಿಂತವರು ಬಹಳ ಹೊತ್ತು ಏನನ್ನೂ ಬರೆಯಲಿಲ್ಲ...

"ಮಿಸ್ಸು ಈಗ ಎಲ್ಲಿದಾರೋ?" ಎಂದು ಗೆಳೆಯನನ್ನು ಕೇಳಿದೆ. ಅವನು ಕೈಯಲ್ಲಿದ್ದ ಟೇಪು ಕೆಳಗಿಟ್ಟ.

"ನಂದಿನಿ ಲೇಔಟಲ್ಲಿ, ಮಗಳ ಮನೇಲಿದ್ರು ಕಣೇ."

"ಹೂಂ."

"ಹೋದ್ ತಿಂಗ್ಳು ನೋಡ್ಕೊಂಡ್ ಬಂದೆ. ಹುಷಾರಿರ್ಲಿಲ್ಲ."

"ಹೂಂ."

"ದೆವ್ವದ್ ಕತೆ ಹೇಳಿದ್ಲಲ್ಲ, ಆ ಹುಡ್ಗಿ ಹೇಗಿದಾಳೆ ಅಂತ ಕೇಳಿದ್ರು."

"ಹೂಂ..."

"ಹೋದ್ ವಾರ ಹೋಗ್ಬಿಟ್ರು."

ಅವನು ನಿಲ್ಲಿಸಿದ. ನನಗೆ ಅಳು ಒತ್ತರಿಸಿ ಬಂತು. ಹೂಂ ಬಾರದೆ ಕತೆ ಮುಂದೆ ಹೋಗಕೂಡದು ಎಂದು ಕಲಿಸಿದವರು ಅವರೇ. ನಾನು ಹೂಂ ಅನ್ನಲಿಲ್ಲ.