ನಾಹೀದಾ ಕಟ್ಟಿದ ಕಟ್ಟಿಗೆಯ ಯುದ್ಧವಿಮಾನ

ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾಹೀದಾ ಕೂಡುವ ಸೀಟು ಯಾವುದೆಂದು ಕಂಡಕ್ಟರಿಗೂ ಗೊತ್ತು. ಎಂಟು ವರ್ಷದಿಂದ ಅವಳು ಕೊಪ್ಪಳದ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಮನೆಗಳ ನಕ್ಷೆ ತೆಗೆಯುವ ಕೆಲಸ ಮಾಡುತ್ತಿದ್ದಾಳೆ. ಕುಷ್ಟಗಿ, ಗಂಗಾವತಿ ಕಡೆಯ ಎಷ್ಟೋ ಮನೆಗಳ ಅಡುಗೆಕೋಣೆ, ಮೆಟ್ಟಿಲು, ಮಾಳಿಗೆಗಳು ಮೊದಲು ಮೂಡಿದ್ದು ಅವಳ ಕಂಪ್ಯೂಟರಿನಲ್ಲಿ. ಮೂವತ್ನಾಲ್ಕರ ಈ ಹೆಣ್ಣುಮಗಳು ಒಂದು ಸಲವೂ ವಿಮಾನ ಹತ್ತಿದವಳಲ್ಲ. ಆದರೆ ಫಿನ್ಲೆಂಡ್ ದೇಶದ ಹಳೆಯ ಯುದ್ಧವಿಮಾನವೊಂದರ ಬಗ್ಗೆ ಕೇಳಿ ನೋಡಿ, ನಿಮ್ಮ ಬಸ್ಸು ತಪ್ಪುವವರೆಗೂ ಹೇಳುತ್ತಾಳೆ.

ಅದು ಶುರುವಾದದ್ದು ಲಾಕ್‌ಡೌನಿನಲ್ಲಿ. ಮನೆ ಕಟ್ಟುವವರೇ ಇಲ್ಲದಾಗ ಎಂಜಿನಿಯರರು ಕಂಪ್ಯೂಟರನ್ನು ಅವಳ ಮನೆಗೇ ಕಳಿಸಿಕೊಟ್ಟರು. ಕೆಲಸವಿಲ್ಲದ ಕೈಗೆ ಒಂದು ಆಟ ಸಿಕ್ಕಿತು. ಎರಡನೇ ಮಹಾಯುದ್ಧದ ವಿಮಾನಗಳನ್ನು ಹಾರಿಸುತ್ತ ಆಕಾಶದಲ್ಲಿ ಕಾದಾಡುವ ಆಟ. ಯಾವ ಕಂಪನಿಯದ್ದೂ ಅಲ್ಲ. ಹತ್ತಾರು ದೇಶದ ಹವ್ಯಾಸಿಗಳು ಬಿಡುವಿನಲ್ಲಿ ಕೂಡಿ ಕಟ್ಟಿದ್ದು. ಕಾದಾಟದಲ್ಲಿ ನಾಹೀದಾ ಪೂರಾ ದಡ್ಡಿ, ಎರಡು ನಿಮಿಷದೊಳಗೆ ಯಾರಾದರೂ ಹೊಡೆದು ಕೆಡವುತ್ತಿದ್ದರು. ಆದರೆ ಆಟದೊಳಗಿನ ವಿಮಾನ ನಿಲ್ದಾಣದಲ್ಲಿ ಒಂದು ಕಟ್ಟಡದ ಮೆಟ್ಟಿಲು ಸೀದಾ ಹೋಗಿ ಗೋಡೆಗೆ ಮುಟ್ಟಿತ್ತು. ಅದನ್ನು ನೋಡಿ ಅವಳಿಗೆ ಸುಮ್ಮನಿರಲಾಗಲಿಲ್ಲ. ಆಟ ಕಟ್ಟಿದವರಿಗೆ ತಪ್ಪು ತೋರಿಸಿ ಬರೆದಳು. ನೀವೇ ಸರಿಮಾಡಿ ಕೊಡಿ ಎಂದರು. ಮಾಡಿಕೊಟ್ಟಳು. ಹೀಗೆ ಒಂದೊಂದಾಗಿ ಆ ಆಟದ ಶೆಡ್ಡು, ಗೋಪುರ, ಗೋದಾಮುಗಳೆಲ್ಲ ಅವಳ ಪಾಲಿಗೆ ಬಂದವು.

ಆ ಗುಂಪಿನಲ್ಲಿ ಫಿನ್ಲೆಂಡಿನ ಒಬ್ಬ ನಿವೃತ್ತ ಶಿಕ್ಷಕರಿದ್ದರು. ನಾಹೀದಾ ಅವರನ್ನು ಮಾಸ್ತರ ಎಂದೇ ಕರೆಯುತ್ತಿದ್ದಳು. ಮಾಸ್ತರರದ್ದು ಎಷ್ಟೋ ವರ್ಷದಿಂದ ಒಂದೇ ಬೇಡಿಕೆ: ನಮ್ಮ ಮ್ಯುರ್ಸ್ಕಿ ವಿಮಾನವನ್ನು ಆಟಕ್ಕೆ ಸೇರಿಸಿ. ಮ್ಯುರ್ಸ್ಕಿ ಅಂದರೆ ಅವರ ಮಾತಿನಲ್ಲಿ ಬಿರುಗಾಳಿ. ಕಟ್ಟಿದ್ದೇ ಸುಮಾರು ಐವತ್ತು ವಿಮಾನ, ಅದೂ ಯುದ್ಧ ಮುಗಿಯುತ್ತ ಬಂದಾಗ. ರೆಕ್ಕೆಯೆಲ್ಲ ಕಟ್ಟಿಗೆ. ಹೆಸರಾದ ವಿಮಾನಗಳನ್ನು ಬಿಟ್ಟು ಇದನ್ನು ಯಾರು ಹಾರಿಸುತ್ತಾರೆ ಎಂದು ಉಳಿದವರು ಪ್ರತಿ ವರ್ಷ ಮುಂದೂಡುತ್ತಿದ್ದರು. ಒಂದು ದಿನ ಮಾಸ್ತರರು, "ನನ್ನ ತಾಯಿ ಹುಡುಗಿಯಾಗಿದ್ದಾಗ ಅದರ ರೆಕ್ಕೆಗೆ ಅಂಟು ಹಚ್ಚುವ ಕೆಲಸಕ್ಕಿದ್ದಳು" ಎಂದು ಬರೆದರು. ನಾಹೀದಾ ಅದನ್ನು ಎರಡು ಸಲ ಓದಿ, ನಾನು ಮಾಡುತ್ತೇನೆ ಎಂದು ಉತ್ತರ ಹಾಕಿದಳು.

ಮಾಸ್ತರರು ಮ್ಯೂಸಿಯಮ್ಮಿನಲ್ಲಿ ತೆಗೆದ ನೂರಾರು ಫೋಟೋ ಕಳಿಸಿದರು. ನಾಲ್ಕು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಮನೆಯಲ್ಲಿ ವಿಮಾನದ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಅವಳ ತಂದೆ ಹೈದರಸಾಬ ಅದನ್ನು ಮಿರ್ಚಿ ಎಂದು ಕರೆದ, ತಾಯಿ ಹಜರತಬೀಗೂ ಅದೇ ರೂಢಿಯಾಯಿತು. "ನಿನ್ನ ಮಿರ್ಚಿ ಆರಿಸಿ ಊಟಕ್ಕ ಬಾ" ಎನ್ನುತ್ತಿದ್ದಳು.

ಕೊನೆಗೆ ಕೆಲಸ ಮುಗಿಯಿತೆಂದು ಗುಂಪಿಗೆ ತೋರಿಸಿದರೆ ಬಂದ ಮೊದಲ ಉತ್ತರ: ಆಕಾರ ಸರಿಯಿದೆ, ಆದರೆ ಯಾಕೋ ಡಬ್ಬಿಯ ಹಾಗೆ ಕಾಣುತ್ತದೆ. ಏನು ತಪ್ಪೆಂದು ಯಾರೂ ಹೇಳಲಿಲ್ಲ. ನಾಹೀದಾ ಮುಖ ಸಪ್ಪಗೆ ಮಾಡಿಕೊಂಡು ಪರದೆ ನೋಡುತ್ತ ಕೂತಿದ್ದಳು. ಹೈದರಸಾಬ ಚಹಾ ಹಿಡಿದುಕೊಂಡು ಬಂದ. ನಲವತ್ತೈದು ವರ್ಷ ಬಾಗಿಲು, ಚೌಕಟ್ಟು, ಮಂಚ ಮಾಡಿದ ಬಡಿಗ ಅವನು.

"ಇದು ಕಟ್ಟಿಗಿ ವಿಮಾನ ಅಂದಿದ್ದಿಲ್ಲ ಬೇಟಿ?"

"ಹೌದಬ್ಬಾ."

"ಮತ್ತ ಇಷ್ಟು ಮೊಳಿ ಯಾಕ ಹೊಡದಿ? ತೆಳ್ಳನ ಪ್ಲೈವುಡ್ಡು, ಇಷ್ಟು ಹೊಡದ್ರ ಜರಡಿ ಆಗ್ತೈತಿ. ಇದು ಅಂಟಿನ ಕೆಲಸ."

ನಾಹೀದಾ ಪರದೆಯ ಚಿತ್ರ ದೊಡ್ಡದು ಮಾಡಿ ನೋಡಿದಳು. ಬೇರೆ ವಿಮಾನಗಳ ತಗಡಿನ ಮೈಯನ್ನೇ ಇದಕ್ಕೂ ಹೊದಿಸಿಬಿಟ್ಟಿದ್ದಳು, ಸಾಲುಸಾಲು ಮೊಳೆಗಳ ಸಮೇತ. ನಾಲ್ಕು ತಿಂಗಳಲ್ಲಿ ಅವಳ ಕಣ್ಣಿಗೆ ಬೀಳದ್ದು ಅಪ್ಪನಿಗೆ ನಿಂತಲ್ಲೇ ಕಂಡಿತ್ತು.

"ಬಣ್ಣಾನೂ ಕಟ್ಟಿಗಿ ಮ್ಯಾಲ ಹಿಂಗ ಕೂಡಂಗಿಲ್ಲ" ಎಂದ ಹೈದರಸಾಬ. "ನಾಳಿ ಕಿನ್ನಾಳಕ್ಕ ಹೋಗೂಣು. ಪಂಪಾಪತಿ ತೋರಸ್ತಾನ."

ಪಂಪಾಪತಿ ಕಿನ್ನಾಳದಲ್ಲಿ ಬೊಂಬೆ ಮಾಡುವವ, ಹೈದರಸಾಬನ ಹಳೆಯ ಸ್ನೇಹಿತ. ನಾಹೀದಾ ಆಫೀಸಿಗೆ ಒಂದು ದಿನ ರಜೆ ಹಾಕಿದಳು. ವಿಮಾನದ ಫೋಟೋ ನೋಡಿ ಪಂಪಾಪತಿ ನಗಲಿಲ್ಲ, ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದ. ಹಲಗೆ ಕೂಡುವಲ್ಲಿ ಬಣ್ಣ ಹೇಗೆ ಸಣ್ಣ ಗೆರೆಯಾಗುತ್ತದೆ, ಕೈ ತಾಗುವ ಅಂಚಿನಲ್ಲಿ ಹೇಗೆ ಸವೆಯುತ್ತದೆ ಎಂದು ತನ್ನ ಬೊಂಬೆಗಳನ್ನೇ ತಿರುಗಿಸಿ ತಿರುಗಿಸಿ ತೋರಿಸಿದ. ನಾಹೀದಾ ಎಲ್ಲದರ ಫೋಟೋ ತೆಗೆದುಕೊಂಡಳು. ಆಮೇಲೆ ಪಂಪಾಪತಿ ಮೂಲೆಯಿಂದ ಒಂದು ಕಟ್ಟಿಗೆಯ ಗಿಳಿ ತಂದ. ಅದರ ರೆಕ್ಕೆ ಬುಡದಲ್ಲಿ ಅಂಟು ಬಿಟ್ಟುಕೊಂಡಿತ್ತು.

"ಈ ವಿಮಾನದ ರೆಕ್ಕಿನೂ ಹಿಂಗ ಬಿಟ್ಟಿತ್ತಂತ ಕಾಕಾ" ಎಂದಳು ನಾಹೀದಾ. "ಹವಾ ಭಾಳ ಹಸಿ ಇದ್ದಾಗ ಅಂಟು ಹಿಡೀತಿದ್ದಿಲ್ಲಂತ."

"ಬಿಡಲಾರದ ಏನ್ ಮಾಡ್ತೈತವಾ. ಕಟ್ಟಿಗಿ ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ಈ ಗಿಳಿಗೆ ಹುಣಸಿಬೀಜದ ಅಂಟು ಹಚ್ಚಿದಾಕಿ ನನ್ನ ಹೆಣ್ತಿ ದುರಗಮ್ಮ. ನಮ್ಮ ಮನ್ಯಾಗ ಆಕಿ ಕೈಯಷ್ಟು ಛಲೋ ಕೈ ಇನ್ನೊಂದಿಲ್ಲ. ಮಳಿಗಾಲದ ಹವಾಕ್ಕ ಆಕಿ ಏನ್ ಮಾಡ್ಯಾಳು?"

ಊರಿಗೆ ಬಂದವಳೇ ನಾಹೀದಾ ಮೊಳೆಗಳನ್ನೆಲ್ಲ ಕಿತ್ತುಹಾಕಿದಳು. ಹಲಗೆಯ ಗೆರೆ ಮೂಡಿಸಿದಳು, ಹಸಿರು-ಕಪ್ಪು ಬಣ್ಣ ಹೊಸದಾಗಿ ಬಳಿದಳು. ಇಷ್ಟೇ ಮಾಡಿದ್ದರೆ ಆಗುತ್ತಿತ್ತು. ಆದರೆ ಅವಳು ಇನ್ನೊಂದು ಸೇರಿಸಿದಳು: ಮಳೆಯಲ್ಲಿ ನೆನೆದು ನಿಂತ ವಿಮಾನವನ್ನು ಹಾರಿಸಿ, ಆಕಾಶದಿಂದ ಕಡಿದಾಗಿ ಕೆಳಕ್ಕೆ ಧುಮುಕಿಸಿದರೆ ರೆಕ್ಕೆಯ ಹಲಗೆ ಬಿಟ್ಟುಕೊಳ್ಳುತ್ತದೆ. ಯಾಕೆಂದು ವಿವರಿಸಲು ಪಂಪಾಪತಿಯ ಮಾತು, ದುರಗಮ್ಮನ ಕೈ, ಗಿಳಿಯ ಫೋಟೋ ಎಲ್ಲ ಹಾಕಿ ಒಂದು ಪುಟ ಬರೆದಳು.

ಗುಂಪಿನಲ್ಲಿ ಗದ್ದಲವೆದ್ದಿತು. ಆಡುವವರು ಬೈಯುತ್ತಾರೆ, ಅದನ್ನು ತೆಗೆ ಎಂದರು. ನಾಹೀದಾ ಒಪ್ಪಲಿಲ್ಲ. ಅವಳ ಚಿಂತೆ ಬೇರೆಯೇ ಇತ್ತು. ದಿನಕ್ಕೆರಡು ಸಲ ಬರೆಯುತ್ತಿದ್ದ ಮಾಸ್ತರರು ಒಂಬತ್ತು ದಿನ ಒಂದಕ್ಷರ ಬರೆಯಲಿಲ್ಲ. ಅವರ ಅವ್ವನ ಕೆಲಸದ ಹುಳುಕನ್ನು ಲೋಕಕ್ಕೆ ತೋರಿಸಿಬಿಟ್ಟೆನೇ ಎಂದು ಅವಳಿಗೆ ಬಸ್ಸಿನಲ್ಲಿ ನಿದ್ದೆಯೂ ಹತ್ತಲಿಲ್ಲ.

ಹತ್ತನೇ ದಿನ ಉತ್ತರ ಬಂತು. ಆ ಕಾಲದಲ್ಲಿ ಈ ವಿಮಾನಗಳು ಬಿದ್ದಾಗ ಊರಿನ ಕೆಲವರು ಅಂಟು ಹಚ್ಚುವ ಹುಡುಗಿಯರ ಕೈಯನ್ನೇ ಬೈದಿದ್ದರಂತೆ. ಅವ್ವ ಮುದುಕಿಯಾದ ಮೇಲೂ ಕೈ ನೋಡಿಕೊಳ್ಳುತ್ತ, ನಾನು ಸರಿಯಾಗೇ ಹಚ್ಚಿದ್ದೆ ಎನ್ನುತ್ತಿದ್ದಳಂತೆ. "ದುರಗಮ್ಮನವರ ಬಗ್ಗೆ ಬರೆದದ್ದನ್ನು ಅವ್ವನ ಸಮಾಧಿಯ ಹತ್ತಿರ ಹೋಗಿ ಓದಿ ಬಂದೆ. ರೆಕ್ಕೆ ಹಾಗೇ ಇರಲಿ" ಎಂದು ಮುಗಿಸಿದ್ದರು. ಅದಾದ ಮೇಲೆ ಗುಂಪಿನವರೂ ರೆಕ್ಕೆಯನ್ನು ಹಾಗೇ ಒಪ್ಪಿಕೊಂಡರು.

ಮ್ಯುರ್ಸ್ಕಿ ಆಟಕ್ಕೆ ಸೇರಿದ ಭಾನುವಾರ ಮೊದಲು ಹಾರಿಸಿದವನು ಹೈದರಸಾಬ. ಬಂದೂಕಿನ ಗುಂಡಿ ಅವನು ಮುಟ್ಟಲೇ ಇಲ್ಲ. ಎದುರಾಳಿಗಳು ಬಂದರೆ ಮೋಡದೊಳಗೆ ಹೊಕ್ಕುಬಿಡುತ್ತಿದ್ದ. ಒಂದು ತಾಸು ಕಾಡು, ಕೆರೆ ನೋಡುತ್ತ ಸುತ್ತಿದ.

"ಸಾಕಿನ್ನ, ಇಳದು ಬರ್ರಿ. ರೊಟ್ಟಿ ಆರತಾವು" ಎಂದಳು ಹಜರತಬೀ.

"ಏರಸೂದು ಕಲತೀನಿ. ಇಳಸೂದು ಇನ್ನೂ ಹೇಳಿಕೊಟ್ಟಿಲ್ಲ ನಿನ್ನ ಮಗಳು" ಎಂದ ಹೈದರಸಾಬ, ಪರದೆಯಿಂದ ಕಣ್ಣು ತೆಗೆಯದೆ.

ಆ ದಿನ ವಿಮಾನ ಕೆರೆಗೆ ಬಿತ್ತು. ಮೂರನೇ ಭಾನುವಾರ ಒಂದು ಗಾಲಿ ಮುರಿದರೂ ನೆಲಕ್ಕಿಳಿಯಿತು. ಹೈದರಸಾಬ ಕೂತಲ್ಲಿಂದಲೇ ಕಿನ್ನಾಳಕ್ಕೆ ಫೋನ್ ಹಚ್ಚಿ, ರೆಕ್ಕೆಗೆ ಏನೂ ಆಗಿಲ್ಲ ಎಂದು ಪಂಪಾಪತಿಗೆ ಎರಡೆರಡು ಸಲ ಹೇಳಿದ.