ಏಳು ಕೊಡ, ಒಂದು ಹಂಚು

ಮದುವೆಗೆ ಹೋದರೆ ನನಗೆ ಮದುಮಕ್ಕಳ ಮುಖ ಕಾಣುವುದಿಲ್ಲ. ಜನ ಮದುಮಗಳ ಮೂಗು ನೋಡುತ್ತಿರುವಾಗ ನಾನು ಆಕೆಯ ಹಿಂದೆ ಪೇರಿಸಿಟ್ಟ ಕೊಡಗಳ ಕುತ್ತಿಗೆ ನೋಡುತ್ತಿರುತ್ತೇನೆ. ಬೆಸುಗೆ ಸರಿಯಿದೆಯೇ, ಯಾವ ಅಂಗಡಿಯ ಮಾಲು, ಕೊಂಡವನು ಎಷ್ಟು ಮೋಸಹೋಗಿರಬಹುದು ಎಂದು ಅಂದಾಜು ಮಾಡುವಷ್ಟರಲ್ಲಿ ಅಕ್ಷತೆ ಬಿದ್ದು ಮುಗಿದಿರುತ್ತದೆ. ಕೆಟ್ಟ ಚಾಳಿ, ಗೊತ್ತು. ಆದರೆ ತಲೆಯ ಮೇಲೆ ಬುಟ್ಟಿ ಹೊತ್ತು ಬೀದರಿನ ಓಣಿ ಓಣಿ ತಿರುಗಿ, ಹಳೆಯ ಜರಿಸೀರೆಗೆ ಹೊಸ ತಂಬಿಗೆ ಕೊಟ್ಟು, ಆಮೇಲೆ ಸ್ವಂತ ಅಂಗಡಿ ಹಾಕಿದವಳ ಕಣ್ಣು ಇನ್ನೆಲ್ಲಿ ಹೋದೀತು? ನಮ್ಮ ಪಾತ್ರೆ-ಭಾಂಡಿ ಅಂಗಡಿಯಲ್ಲಿ ತಕ್ಕಡಿ ಮನೆಯವರ ಕೈಯಲ್ಲಿ, ಬಾಯಿ ನನ್ನದು. ವ್ಯಾಪಾರ ಯಾವುದರಿಂದ ನಡೆಯುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ನಮ್ಮ ಕಡೆ ಮದುವೆಯ ಉಡುಗೊರೆಗೆ ಆಯೇರಿ ಎನ್ನುತ್ತಾರೆ. ಅದನ್ನು ಸುಮ್ಮನೆ ಕೊಡುವ ಹಾಗಿಲ್ಲ, ಕೂಗಿಸಿ ಕೊಡಬೇಕು. ಗಂಟಲು ಗಟ್ಟಿಯಿದ್ದವನೊಬ್ಬ ಹಂದರದಲ್ಲಿ ನಿಂತು, ಪಾತ್ರೆಯನ್ನು ತಲೆಯ ಮೇಲೆತ್ತಿ, ಕೊಟ್ಟವರ ಊರು, ಹೆಸರು, ಸಾಮಾನು ಮೂರನ್ನೂ ಕೊನೆಯ ಸಾಲಿನ ಕಿವುಡನಿಗೂ ಕೇಳಿಸುವಂತೆ ಒದರುತ್ತಾನೆ. ಪಂಡಿತರು ಪಾತ್ರೆಗಳನ್ನು ತಾಮ್ರ, ಹಿತ್ತಾಳೆ, ಕಂಚು ಎಂದು ವಿಂಗಡಿಸುತ್ತಾರಂತೆ. ಅವರು ಪಾತ್ರೆ ಮಾರಿದವರಲ್ಲ. ಪಾತ್ರೆಗಳಲ್ಲಿ ಇರುವುದು ಎರಡೇ ಜಾತಿ: ಕೂಗಿದರೆ ಶೋಭಿಸುವವು, ಕೂಗಿದರೆ ನಗು ಬರಿಸುವವು. ಕೊಡ, ಹಂಡೆ ಮೊದಲನೆಯ ಜಾತಿ. ಸೌಟು, ಲಟ್ಟಣಿಗೆ, ಜರಡಿ ಎರಡನೆಯದು. ಅಡುಗೆಯಾಗುವುದು ಎರಡನೆಯದರಿಂದ, ಆಯೇರಿಯಾಗಿ ಬರುವುದು ಮೊದಲನೆಯದು. ಆದ್ದರಿಂದ ಯಾವ ಮದುವೆಗೆ ಹೋದರೂ ಏಳು ಕೊಡ ಎಣಿಸಬಹುದು. ಏಳಕ್ಕೂ ನೀರು ತುಂಬಿ, ಅದನ್ನೇ ಕುಡಿದು, ಹುಡುಗಿ ಮಲಗಬೇಕು.

ಇನ್ನು ರೊಟ್ಟಿ ಬೇಯಿಸುವ ಹಂಚಿನ ಗತಿ ಕೇಳಲೇಬೇಡಿ. ಅದು ಕಬ್ಬಿಣ. ಮದುವೆಯಲ್ಲಿ ಕಬ್ಬಿಣ ಕೊಟ್ಟರೆ ಅಪಶಕುನವಂತೆ. ಜೋಳದ ರೊಟ್ಟಿಯಿಲ್ಲದೆ ಒಂದು ಹೊತ್ತು ಕಳೆಯದ ನಾಡಿನಲ್ಲಿ ಹಂಚೇ ಅಪಶಕುನ! ಹಸಿವು ಮಾತ್ರ ಶುಭ.

ಬಂದ ಕೊಡವನ್ನು ಅಂಗಡಿಗೆ ಮರಳಿಸಿ ಸೌಟು ಒಯ್ಯಬಾರದೇ ಎಂದು ನೀವು ಕೇಳಬಹುದು. ಬರುವುದಿಲ್ಲ. ಕೊಟ್ಟವರು ಅದರ ಮೇಲೆ ಉಳಿಯಿಂದ ಹೆಸರು ಹೊಡೆಸಿರುತ್ತಾರೆ. ಹೆಸರು ಬಿದ್ದ ಭಾಂಡಿಯನ್ನು ಯಾವ ಅಂಗಡಿಯವರೂ ಮುಟ್ಟುವುದಿಲ್ಲ, ನಾನಂತೂ ಮುಟ್ಟುವುದಿಲ್ಲ. ನಿಜಾಮರ ಕಾಲದಲ್ಲಿ ಆ ಹೆಸರುಗಳು ಉರ್ದುವಿನಲ್ಲಿರುತ್ತಿದ್ದವು. ಪೊಲೀಸ್ ಆಕ್ಷನ್ ಆದ ಮೇಲೆ ಜನ ಕನ್ನಡದಲ್ಲಿ ಹೊಡೆಯಿರಿ, ಮರಾಠಿಯಲ್ಲಿ ಹೊಡೆಯಿರಿ ಎಂದು ಜಗಳಾಡಿದರು. ಲಿಪಿ ಬದಲಾಯಿತು, ರಾಜ್ಯ ಬದಲಾಯಿತು, ಕೊಡದ ಹೊಟ್ಟೆಯ ಮೇಲೆ ತಮ್ಮ ಹೆಸರು ನೋಡುವ ಹುಚ್ಚು ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ.

ಆ ಆಕ್ಷನ್ನಿನ ಹಿಂದುಮುಂದಿನ ಗಡಬಡಿಯ ದಿನಗಳಲ್ಲಿ ಜನ ತಾಮ್ರ ಹಿತ್ತಾಳೆಯನ್ನೆಲ್ಲ ಜೋಳ ತುಂಬುವ ನೆಲದ ಹಗೇವಿನಲ್ಲಿ ಹೂತಿಟ್ಟಿದ್ದರು, ಹೆಣ್ಣುಮಕ್ಕಳ ಮದುವೆಯನ್ನು ಮುಂದೆ ತಳ್ಳಿದ್ದರು. ಊರು ತಣ್ಣಗಾದದ್ದೇ ತಡ, ಎರಡೂ ಒಟ್ಟಿಗೆ ಹೊರಬಂದವು. ಅದೇ ಸುಗ್ಗಿಯಲ್ಲಿ ಭಾಲ್ಕಿಯ ನನ್ನ ಗೆಳತಿ ನೀಲಮ್ಮನ ಎರಡನೆಯ ಮಗಳು ಕಲಾವತಿಯ ಮದುವೆ ಕೂಡಿಬಂತು. ಹುಡುಗ ಔರಾದಿನಲ್ಲಿ ಸಾಲಿ ಮಾಸ್ತರ, ಬಾಡಿಗೆಯ ಒಂದು ಕೋಣೆ. ಅತ್ತೆಯ ಮನೆಯಿಲ್ಲ, ಅತ್ತೆಯ ಅಡುಗೆಮನೆಯೂ ಇಲ್ಲ. ನೀಲಮ್ಮನ ಹಿರಿಯ ಮಗಳೂ ಹೀಗೇ ಪರಊರಿಗೆ ಕೊಡಗಳ ಮೆರವಣಿಗೆಯೊಂದಿಗೆ ಹೋಗಿ, ಮೊದಲ ದಿನವೇ ನೆರೆಮನೆಯ ಬಾಗಿಲಿಗೆ ಹಂಚು ಬೇಡಲು ನಿಂತಿದ್ದಳು. ಆ ಓಣಿಯಲ್ಲಿ ಆಕೆಗೆ ಇವತ್ತಿಗೂ ‘ಹಂಚು ಬೇಡಿದಾಕಿ’ ಎಂದೇ ಹೆಸರು.

“ಕಾಕು, ನನಗ ಬಂಗಾರ ಬ್ಯಾಡ್ರಿ,” ಎಂದಳು, ನನ್ನನ್ನು ಚಿಕ್ಕಮ್ಮನೆಂದೇ ಕರೆಯುವ ಕಲಾವತಿ. “ಮೊದಲನೇ ದಿನದ ರೊಟ್ಟಿ ನನ್ನ ಒಲಿ ಮ್ಯಾಲೇ ಆಗಬೇಕು. ಅಕ್ಕನಂಗ ಯಾರ ಬಾಗಿಲಕ್ಕೂ ಬೇಡ್ಲಾಕ ಹೋಗಂಗಿಲ್ಲ ನಾ.”

ನಾನು ಮಾತು ಕೊಟ್ಟುಬಿಟ್ಟೆ. ವ್ಯಾಪಾರಸ್ಥರು ಮಾತು ಕೊಡಬಾರದು, ಮಾಲು ಕೊಡಬೇಕು. ಆದರೂ ಕೊಟ್ಟೆ.

ಮದುವೆಗೆ ಮುಂಚೆ ಬಂಧುಬಳಗದ ಹೆಂಗಸರೆಲ್ಲ ಕೂಡಿ ಶ್ಯಾವಿಗೆ ಹೊಸೆಯುವ ದಿನವೊಂದಿರುತ್ತದೆ. ಯಾರು ಏನು ಕೊಡಬೇಕೆಂದು ನಾನು ಹಂಚಿಹಾಕುವುದು ಅಲ್ಲಿಯೇ. ಕೈ ಹಿಟ್ಟಿನಲ್ಲಿರುವವರು ಎದ್ದು ಹೋಗುವುದಿಲ್ಲ, ಇದನ್ನು ನೆನಪಿಡಿ. ಹುಡುಗಿಯ ಸೋದರತ್ತೆಯಾದ ಜನವಾಡದ ಅತ್ತೆಗೆ ನಾನು ಮೆಲ್ಲಗೆ ಜರಡಿ ಸೂಚಿಸಿದೆ.

“ಜರಡಿ?” ಆಕೆಯ ಕೈಯ ಶ್ಯಾವಿಗೆ ಹರಿಯಿತು. “ವೈಜಿನಾಥ ಹಂದರದಾಗ ನಿಂತು ‘ಜನವಾಡದ ಅತ್ತಿದು ಜರಡಿ’ ಅಂತ ಒದರಬೇಕೇನ? ತೂತಿನ ಸಾಮಾನ ಕೊಟ್ಟಾಳಂತ ಸಾಯೋತನಕ ಆಡ್ಕೋತಾರ! ನಾ ಕೊಡನೇ ಕೊಡಾಕಿ.”

ವೈಜಿನಾಥ ಎಂದರೆ ಭಾಲ್ಕಿಯ ಆಯೇರಿ ಕೂಗುವವನು. ಅತ್ತೆ ಕೊಡ ಎಂದ ಕೂಡಲೇ ಉಳಿದವರೂ ಕೊಡ ಎಂದರು. ನನ್ನ ಹಂಚಿಕೆ ಶ್ಯಾವಿಗೆಗಿಂತ ಮೊದಲು ಒಣಗಿತು.

ದಾರಿ ತೋರಿಸಿದವರು ಹಲಬರ್ಗಾದ ಸೋದರಮಾವ ಮಾಣಿಕಪ್ಪ. ಹಗೇವಿನಿಂದ ತೆಗೆದ ಹಂಡೆಯೊಂದನ್ನು ಗಾಡಿಯ ಮೇಲೆ ಹೇರಿಕೊಂಡು ಹೆಸರು ಹೊಡೆಸಲು ನನ್ನ ಅಂಗಡಿಗೇ ಬಂದರು. ಹಂಡೆಗೆ ಗೇಣುದ್ದದ ಹಸಿರು ಕಿಲುಬು, ಮಾವನಿಗೆ ಗೇಣುದ್ದದ ಮೀಸೆ.

“ಹೆಸರು ದಪ್ಪಗ ಹೊಡಸವಾ. ದೂರದಿಂದ ಕಾಣಬೇಕು.”

“ಹೊಡಸೋಣ್ರಿ ಕಾಕಾ. ಒಂದು ಮಾತು. ಹಂಡಾ ಒಂದೇ ಆದ್ರ ವೈಜಿನಾಥ ನಿಮ್ಮ ಹೆಸರು ಎಷ್ಟು ಸಲ ಕೂಗ್ತಾನ್ರಿ?”

“ಒಂದ ಸಲ.”

“ಜನವಾಡದ ಅತ್ತಿ ಹೆಸರು?”

“ಆಕಿದೂ ಒಂದ ಸಲ.”

ನಾನು ಸುಮ್ಮನೆ ತಂಬಿಗೆಯೊಂದನ್ನು ಒರೆಸುತ್ತ ಕುಳಿತೆ. ಚೌಕಾಸಿಯಲ್ಲಿ ಬಾಯಿ ಮುಚ್ಚುವ ಹೊತ್ತು ತಿಳಿದವರೇ ಗೆಲ್ಲುತ್ತಾರೆ. ಮಾವನ ಮೀಸೆ ಮೆಲ್ಲಗೆ ಇಳಿಯಿತು.

“ಆಕಿಗೂ ಒಂದ, ನನಗೂ ಒಂದ?”

“ಮತ್ತ! ಅದಕ್ಕ ಹಂಡಾ ಮನ್ಯಾಗ ಇಡ್ರಿ. ಸಣ್ಣ ಸಾಮಾನ ಇಪ್ಪತ್ತೊಂದು ಒಯ್ರಿ. ಒಂದೊಂದಕ್ಕ ಒಂದೊಂದು ಸಲ ಹೆಸರು.”

“ಸೌಟಿಗೂ ಕೂಗ್ತಾನೇನ ಅಂವ?”

“ಕೂಗಸೋ ಜವಾಬ್ದಾರಿ ನಂದ್ರಿ.”

ಅವರು ಹೋದ ಮೇಲೆ ನಮ್ಮ ಮನೆಯವರು, “ಹುಡುಗಿ ಮ್ಯಾಲ ಭಾಳ ಅಂತಃಕರಣ ನಿನಗ,” ಎಂದರು. ಅಂತಃಕರಣ ಇತ್ತು, ಸುಳ್ಳಲ್ಲ. ಆದರೆ ಮಾವನದೇ ಹಂಡೆಗೆ ಹೆಸರು ಹೊಡೆದರೆ ಸಿಗುವುದು ಉಳಿಯ ಕೂಲಿ ಮಾತ್ರ, ಇಪ್ಪತ್ತೊಂದು ಸಾಮಾನು ಮಾರಿದರೆ ಸಿಗುವುದು ಬೇರೆ. ಪುಣ್ಯವೂ ಲಾಭವೂ ಒಂದೇ ಗಾಡಿಯಲ್ಲಿ ಬಂದರೆ ಯಾವುದನ್ನೂ ಇಳಿಸಬೇಡಿ.

ಮದುವೆಯ ದಿನ ವೈಜಿನಾಥ ಕೂಗಿದ: “ಹಲಬರ್ಗಾದ ಸೋದರಮಾವ ಮಾಣಿಕಪ್ಪನವರು, ಸೌಟು ಒಂದು!” ಹಂದರ ನಕ್ಕಿತು. “ಹಲಬರ್ಗಾದ ಸೋದರಮಾವ ಮಾಣಿಕಪ್ಪನವರು, ಲಟ್ಟಣಿಗಿ ಒಂದು!” ಇನ್ನೂ ನಕ್ಕಿತು. ಪರಾತ, ಡಬರಿ, ಜರಡಿ ಎಂದು ಕೂಗು ಮುಂದುವರಿದಂತೆ ನಗು ನಿಂತು ಎಣಿಕೆ ಶುರುವಾಯಿತು. ಕೊನೆಗೆ ಜನವಾಡದ ಅತ್ತೆ ತಡೆಯಲಾರದೆ ಎದ್ದು ನಿಂತಳು. “ಏ ವೈಜಿನಾಥ, ಮದಿವಿಗಿ ಬಂದೀವೋ, ಇವನ ನಾಮಸ್ಮರಣಿಗಿ ಬಂದೀವೋ?” ಮಾವ ಮಾತ್ರ ಮೀಸೆಯ ಎರಡೂ ತುದಿ ಆಕಾಶಕ್ಕೆ ತಿರುಗಿಸಿಕೊಂಡು ಕುಳಿತಿದ್ದರು. ಆ ಹುಡುಗಿಗೆ ಅಡುಗೆಮನೆ ಕಟ್ಟಿಕೊಟ್ಟದ್ದು ಯಾರ ಪ್ರೀತಿಯೂ ಅಲ್ಲ, ಆ ಮೀಸೆ. ಮನುಷ್ಯರ ಒಳ್ಳೆಯತನಕ್ಕಾಗಿ ಕಾಯುವವರು ಕಾಯುತ್ತಲೇ ಇರಲಿ. ಅವರ ಜಂಬ ಯಾವಾಗಲೂ ಕೈಗೆ ಸಿಗುವಂತಿರುತ್ತದೆ.

ಉಳಿದದ್ದು ಹಂಚು. ಮಾವನ ಜಂಬವೂ ಕಬ್ಬಿಣದ ಮುಂದೆ ಹಿಂದೆಗೆದಿತ್ತು. ಕಬ್ಬಿಣ ಕೊಟ್ಟರೆ ತಾನೇ ಅಪಶಕುನ, ಕೊಂಡರೆ ಅಲ್ಲವಲ್ಲ; ಕೊಡುವವರು ಯಾರೂ ಇಲ್ಲದ ಮೇಲೆ ಹುಡುಗಿಯೇ ಕೊಳ್ಳಬೇಕು. ಔರಾದಿಗೆ ಹೊರಟವಳು ಗಂಡನನ್ನು ಗಾಡಿಯಲ್ಲಿ ಕೂರಿಸಿ ಒಬ್ಬಳೇ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಳು. ಆಕೆಗೆಂದೇ ತೆಗೆದಿಟ್ಟಿದ್ದ ಹಂಚನ್ನು ಮುಂದಿಟ್ಟು, ಅಭ್ಯಾಸಬಲದಿಂದ, ಇದ್ದುದಕ್ಕಿಂತ ಹೆಚ್ಚಿನ ಬೆಲೆ ಹೇಳಿದೆ. ಆಕೆ ಹಂಚನ್ನು ತಿರುವಿದಳು, ಗೆಣ್ಣಿನಿಂದ ಬಡಿದಳು, ಕಿವಿಗೊಟ್ಟಳು.

“ನಾದ ಒಡಕ ಅದರಿ ಕಾಕು.”

“ಒಡಕ ನಿನ್ನ ಕಿವಿ. ಹೊಸಾ ಮಾಲು ಅದ.”

ಆಕೆ ಅರ್ಧ ಬೆಲೆ ಹೇಳಿದಳು. ನಾನು ನಕ್ಕೆ. ಆಕೆ ಹಂಚು ಕೆಳಗಿಟ್ಟು ಮೆಟ್ಟಿಲಿಳಿದು ಹೊರಟಳು. ಇದು ಗಿರಾಕಿಗಳ ಹಳೆಯ ಆಟ. ಕರೆಯಬಾರದು, ಗಾಡಿ ಹತ್ತುವ ತನಕ ಕರೆಯಬಾರದು ಎಂದು ಊರಿಗೆಲ್ಲ ಪಾಠ ಹೇಳಿದವಳು ನಾನು. ಕರೆದೆ. ಆಕೆ ಹೇಳಿದ ಬೆಲೆಗೇ ಕೊಟ್ಟೆ. ಹಂಚು ಕಂಕುಳಿಗೆ ಸೇರಿಸಿದವಳು ಗೂಟದಲ್ಲಿ ತೂಗುತ್ತಿದ್ದ, ರೊಟ್ಟಿ ತಿರುವುವ ಚಿಮಟಾ ನೋಡಿದಳು.

“ಅದು ಕೊಸರು.”

“ಅದೂ ಕಬ್ಬಿಣ ಅದವಾ, ಪುಕ್ಕಟ ಕೊಡಬಾರದು. ಅಪಶಕುನ.”

“ಕೊಸರು ಪುಕ್ಕಟ ಹ್ಯಾಂಗ ಆಗ್ತದ್ರಿ? ಬೇಪಾರದ ಹಕ್ಕದು. ನೀವೇ ಅಂತೀರಲ್ಲ.”

ತಕ್ಕಡಿ ಹಿಡಿದಿದ್ದ ನಮ್ಮ ಮನೆಯವರು, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಅಂಗಡಿಯಲ್ಲಿ ಬಾಯಿಬಿಟ್ಟು ನಕ್ಕರು.

ಮುಂದಿನ ಸುಗ್ಗಿಯಲ್ಲಿ ಔರಾದಿಗೆ ಮಾಲು ಮುಟ್ಟಿಸಲು ಹೋದಾಗ ಆಕೆಯ ಕೋಣೆ ಹುಡುಕಿಕೊಂಡು ಹೋದೆ. ಮೂಲೆಯಲ್ಲಿ ಒಂದರ ಮೇಲೊಂದು ಏಳು ಕೊಡ, ಪ್ರತಿಯೊಂದರ ಮೇಲೂ ಹೆಸರು, ಹೆಸರಿನ ಮೇಲೆ ಧೂಳು. ಗೂಡಿನ ತುಂಬ ಮಾಣಿಕಪ್ಪ. ಒಲೆಯ ಮೇಲೆ ಕರಿಹಿಡಿದ ಹಂಚು, ಅದಕ್ಕೆ ಯಾರ ಹೆಸರೂ ಇಲ್ಲ. ಮೊದಲನೇ ದಿನದ ರೊಟ್ಟಿ ಅದರ ಮೇಲೇ ಆಯಿತಂತೆ.

ಎರಡನೆಯ ರೊಟ್ಟಿ ಮುರಿಯುತ್ತಿದ್ದೆ. ನೆರೆಮನೆಗೆ ಹೊಸದಾಗಿ ಬಂದ ಮದುವಣಗಿತ್ತಿಯೊಬ್ಬಳು ಬಾಗಿಲಲ್ಲಿ ಸೆರಗು ತಿರುವುತ್ತ ನಿಂತಳು.

“ಅಕ್ಕಾ, ಒಂದೀಟು ಹಂಚು…”

ಕಲಾವತಿ ನಗಲಿಲ್ಲ. “ಹಂಚು ಬಿಸಿ ಅದ, ಹಿಟ್ಟು ತಗೊಂಡು ಇಲ್ಲೇ ಬಾ. ಕೂಡೇ ಬಡಿಯೋಣು,” ಎಂದಳು. ಆಮೇಲೆ ಮೂಲೆಯತ್ತ ನೋಡಿ, “ಕೊಡ ಏನರ ಬೇಕೇನವಾ?” ಎಂದಳು.

“ಅಯ್ಯ, ಕೊಡ ಬ್ಯಾಡಕ್ಕಾ. ನಮ್ಮ ಮನ್ಯಾಗ ಏಳು ಅವ.”

ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ಬಾಯಿ ಒರೆಸಿಕೊಂಡು, ಸಾಧ್ಯವಿದ್ದಷ್ಟು ಅಂತಃಕರಣದಿಂದ ಕೇಳಿದೆ:

“ಬಾ ಇಲ್ಲಿ, ನನ್ನ ಮಗ್ಗಲಕ ಕೂಡು. ನಿನಗ ಮದಿವಿಗಿ ಬಂದ ತಂಗ್ಯಾರು ಎಷ್ಟು ಮಂದಿ ಇದ್ದಾರವಾ?”