ಹೇಳಬಾರದ ಪುಡಿ

ಒಂದೇ ಔಷಧ. ಒಬ್ಬ ಡಾಕ್ಟರ್ ಅದನ್ನು ಕೊಡೋಣ ಅಂದ. ಇನ್ನೊಬ್ಬರು ಕೊಟ್ಟರೆ ಎದೆ ಒಡೆದೀತು ಅಂದರು. ನಡುವೆ ಮಂಚದ ಮೇಲೆ ನನ್ನ ಗಂಡ. ಪಕ್ಕದ ಸ್ಟೂಲಿನ ಮೇಲೆ ನಾನು, ಅದೇ ಔಷಧವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು. ಅದು ಅದೇ ಎಂದು ಯಾರಿಗೆ ಗೊತ್ತಿತ್ತು?

ಹೋದ ಎರಡು ವಾರ ನಾನು ಈ ಅಂಕಣ ಬರೆಯಲಿಲ್ಲ. ಮುದುಕಿ ಹೋದಳೇನೋ ಎಂದು ಕೆಲವರು ವಿಚಾರಿಸಿದರಂತೆ. ಹೋಗಿಲ್ಲ. ಹೋಗಿ ಬಂದವರು ನಮ್ಮ ಯಜಮಾನರು.

ಸೊಲ್ಲಾಪುರದಲ್ಲಿ ನಮ್ಮದು ಚಾದರದ ಅಂಗಡಿ. ಬೆಳಗ್ಗೆ ಗಿರಾಕಿಗೆ ಚಾದರ ಬಿಚ್ಚಿ ತೋರಿಸುತ್ತಿದ್ದವರು ಅದರ ಮೇಲೆಯೇ ಮಲಗಿಬಿಟ್ಟರು. ಮೈಯೆಲ್ಲ ಬೆವರು. (ಟಾಂಗಾ ಕರೆತಂದವನು ಆ ಗಿರಾಕಿಯೇ, ಪುಣ್ಯಾತ್ಮ. ಚಾದರ ಮಾತ್ರ ಕೊಳ್ಳಲಿಲ್ಲ.)

ದವಾಖಾನೆಯಲ್ಲಿ ಹಾರ್ಟ್ ಅಟ್ಯಾಕ್ ಅಂದರು. ಅಲ್ಲಿ ಇಬ್ಬರು ಡಾಕ್ಟರು. ಕಿರಿಯವನು ವಿಜಾಪುರದ ಕಡೆಯವನು, ಹೊಸ ಪುಸ್ತಕ ಓದಿ ಬಂದವನು.

"ಆಯಿ, ಸ್ಟಿರಾಯ್ಡ್ ಅಂತ ಒಂದು ಇಂಜೆಕ್ಷನ್ ಬಂದದ. ಕೊಟ್ರ ಎದಿಗೆ ರಕ್ತ ಚಲೋ ಹರೀತದ, ಸಾಯಾಕತ್ತಿದ ಮಾಂಸ ಉಳೀತದ ಅಂತಾರ" ಎಂದ.

ಹಿರಿಯ ಡಾಕ್ಟರು ಕೆಕ್ಕರಿಸಿದರು. "ಅಂತಾರ, ಅಂತಾರ! ಎದಿಯೊಳಗಿನ ಗಾಯ ಮಾಯಬೇಕಲ್ಲೋ ತಮ್ಮಾ? ಇದು ಮಾಯಗೊಡಂಗಿಲ್ಲ. ಗ್ವಾಡಿ ತೆಳ್ಳಗಾಗಿ ಒಡೀತಂದ್ರ ನೀ ಹೊಲೀತಿಯೇನು?"

ಹೃದಯಕ್ಕೂ ಗೋಡೆ ಇರುತ್ತದೆ ಎಂದು ನನಗೆ ತಿಳಿದದ್ದು ಅವತ್ತೇ. ಹಿರಿಯರ ಮಾತು ನಡೆಯಿತು. ಆ ಇಂಜೆಕ್ಷನ್ ಕೊಡಲಿಲ್ಲ.

ಆಮೇಲೆ ಅವರು ನನ್ನ ಕಡೆ ತಿರುಗಿ, "ಮನ್ಯಾಗ ಏನರ ಔಷಧ ತಗೋತಿದ್ರೇನ್ರಿ?" ಎಂದು ಕೇಳಿದರು.

"ಇಲ್ರಿ" ಅಂದೆ.

ಸುಳ್ಳು. ಎರಡು ವರ್ಷದಿಂದ ಯಜಮಾನರು ಮೊಣಕಾಲು ನೋವಿಗೆ ಅಕ್ಕಲಕೋಟೆಯ ಒಬ್ಬಾತನ ಪುಡಿ ತಿನ್ನುತ್ತಿದ್ದರು. ಮೈಂದರ್ಗಿಯ ನನ್ನ ಅಣ್ಣನೇ ಅವನನ್ನು ತೋರಿಸಿಕೊಟ್ಟಿದ್ದ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಪೊಟ್ಟಣ ತರುತ್ತಿದ್ದವಳು ನಾನು. ದಿನಾ ಬೆಳಗ್ಗೆ ಬೆಲ್ಲದ ಜೊತೆ ಕೊಡುತ್ತಿದ್ದವಳೂ ನಾನೇ. ಪುಡಿಯವನ ಷರತ್ತು ಒಂದೇ: ಯಾರ ಮುಂದೆಯೂ ಬಾಯಿ ಬಿಡಬಾರದು, ಬಿಟ್ಟರೆ ಗುಣ ಹೋಗುತ್ತದೆ. ನಮ್ಮ ಕಡೆ ಕಾಮಾಲೆಗೆ ಬೇರು ಕೊಡುವವರೂ ಇದನ್ನೇ ಹೇಳುತ್ತಾರೆ, ಚೇಳಿಗೆ ಎಲೆ ಕೊಡುವವರೂ ಇದನ್ನೇ ಹೇಳುತ್ತಾರೆ. ನನ್ನ ಅವ್ವನೂ ಹೇಳಲಿಲ್ಲ, ಅವಳ ಅವ್ವನೂ ಹೇಳಲಿಲ್ಲ. ನಾನು ಹೇಗೆ ಹೇಳಲಿ?

ಗುಣವೂ ಕಂಡಿತ್ತಲ್ಲ! ಅಂಗಡಿಯ ಮೆಟ್ಟಿಲು ಹತ್ತಲಾಗದವರು ಸಿದ್ಧೇಶ್ವರ ಗುಡಿಯ ತನಕ ನಡೆದು ಹೋಗಿ ಬರುತ್ತಿದ್ದರು. ಮುಖ ತುಂಬಿ ಗುಂಡಗಾಗಿತ್ತು. "ಸೇಠರು ಸೊಂಪಾಗ್ಯಾರ" ಎಂದು ಓಣಿಯವರೆಲ್ಲ ಅನ್ನುವಾಗ ನಾನು ಹಿಗ್ಗುತ್ತಿದ್ದೆ.

ದವಾಖಾನೆಗೂ ಪೊಟ್ಟಣ ಒಯ್ದಿದ್ದೆ. ಆದರೆ ಸಿಸ್ಟರ್ ಹದ್ದಿನ ಹಾಗೆ ಕಾದಳು. ಯಜಮಾನರ ಬಾಯಿಗೆ ಹನಿ ನೀರು ಹಾಕಬೇಕಾದರೂ ಅವಳನ್ನು ಕೇಳಬೇಕು. ಪುಡಿ ಸೆರಗಿನಲ್ಲೇ ಉಳಿಯಿತು.

ಮೂರನೆಯ ದಿನ ಬೆಳಗ್ಗೆ ಯಜಮಾನರು ವಾಂತಿ ಮಾಡಿಕೊಂಡರು. ಕಣ್ಣು ಮೇಲಾಯಿತು. ಬಿಪಿ ಇಳಿಯುತ್ತಲೇ ಹೋಯಿತು. ಇಸಿಜಿ ತೆಗೆದರೆ ಅದು ಮೊದಲಿನ ಹಾಗೆಯೇ ಇದೆಯಂತೆ! ಎದೆ ಮತ್ತಷ್ಟು ಕೆಟ್ಟಿಲ್ಲ, ಆದರೂ ಮನುಷ್ಯ ಹೋಗುತ್ತಿದ್ದಾನೆ. ಕಿರಿಯವನು ಹಿರಿಯರ ಮುಖ ನೋಡಿದ. ಹಿರಿಯರು ರೋಗಿಯ ಮುಖ ನೋಡಿದರು. ಆ ಗುಂಡು ಕೆನ್ನೆ ಒತ್ತಿದರು. ಕೈಯ ಮೇಲಿನ ನೀಲಿ ಕಲೆಗಳನ್ನು ಸವರಿದರು.

"ಆಯಿ, ಖರೇ ಹೇಳ್ರಿ. ಕೈಕಾಲು ನೋವಿಗೆ ಪುಡಿಗಿಡಿ ಏನರ ಕೊಡ್ತಿದ್ರೇನು?"

 ನನ್ನ ಕೈ ತಾನಾಗಿ ಸೆರಗಿನ ಗಂಟು ಹಿಡಿಯಿತು. ಅವರ ಕಣ್ಣು ಅಲ್ಲಿಗೇ ಹೋಯಿತು.

"ಬಿಚ್ಚರಿ ಅದನ್ನ!"

ಬಿಚ್ಚಿದೆ. ಎಲ್ಲವನ್ನೂ ಹೇಳಿದೆ. ಅವರು ಪುಡಿಯನ್ನು ನಾಲಿಗೆಗೆ ಹಚ್ಚಿ ಉಗಿದರು. "ಇದು ಯಾವ ಬೇರೂ ಅಲ್ಲ. ಗುಳಿಗಿ ಅರದು ಕೊಟ್ಟಾನ. ಈ ಗುಂಡು ಮಾರಿ ನೋಡಿದ್ರ ಸ್ಟಿರಾಯ್ಡೇ ಇರಬೇಕು. ಇದನ್ನ ಮೈ ತಾನೂ ಮಾಡ್ಕೋತದ; ಎರಡು ವರ್ಷ ಹೊರಗಿಂದು ತಿಂದ್ರ ಮಾಡೋದು ಮರೀತದ, ಒಮ್ಮಿಗೇ ಬಿಟ್ರ ಜೀವಾನ ಹೋಗ್ತದ ಆಯಿ."

ಬೇಡ ಅಂದಿದ್ದ ಅವರೇ ಆ ಇಂಜೆಕ್ಷನ್ ಕೊಡಿಸಿದರು. ಮಧ್ಯಾಹ್ನದ ಹೊತ್ತಿಗೆ ಬಿಪಿ ಏರಿತು. ಯಜಮಾನರು ಚಹಾ ಕೇಳಿದರು. ಕಿರಿಯವನು ನಕ್ಕ.

"ನಗಬ್ಯಾಡ. ಇದು ಎದಿಗಲ್ಲ, ಪುಡಿ ಬಿಟ್ಟಿದ್ದಕ್ಕ ಕೊಟ್ಟದ್ದು" ಎಂದು ಹಿರಿಯರು ಗದರಿದರು.

ನನಗೆ ತಲೆ ಗಿರ್ರೆಂದಿತು. ಕೇಳಿಯೇಬಿಟ್ಟೆ: "ಸಾಹೇಬ್ರ, ಮೊನ್ನಿ ಕೊಟ್ರ ಸಾಯ್ತಾರ ಅಂದ್ರಿ. ಇವತ್ತು ಕೊಡದಿದ್ರ ಸಾಯ್ತಾರ ಅಂತೀರಿ. ಎರಡು ವರ್ಷ ನಾ ಕೊಟ್ಟದ್ದು ಎದಿಗೆ ರಕ್ತ ಹರಿಸ್ತೋ, ತಡೀತೋ?"

ಅವರು ಚಷ್ಮಾ ತೆಗೆದು ಒರೆಸಿದರು. "ಅದು ನನಗೂ ಗೊತ್ತಿಲ್ರಿ ಆಯಿ."

 

ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಾನು ನೋಡಿದ್ದು ಇದೇ ಮೊದಲು. ಧೈರ್ಯ ತಂದುಕೊಳ್ಳಬೇಕೋ, ಹೆದರಬೇಕೋ?

ಈಗ ಯಜಮಾನರು ಮನೆಗೆ ಬಂದಿದ್ದಾರೆ. ಹಿರಿಯ ಡಾಕ್ಟರು ಅದೇ ಔಷಧವನ್ನು ಗುಳಿಗೆಯಾಗಿ ಬರೆದುಕೊಟ್ಟಿದ್ದಾರೆ. ಈ ವಾರ ಒಂದು, ಮುಂದೆ ಅರ್ಧ, ಆಮೇಲೆ ಕಾಲು. ಬಿಡಲೂಬಾರದಂತೆ, ಮುಂದುವರಿಸಲೂಬಾರದಂತೆ. ನಿಮಗೆ ತಿಳಿಯಿತೇ? ನನಗಂತೂ ಇಲ್ಲ. ಅಡಕತ್ತರಿಯಿಂದ ಗುಳಿಗೆ ಕತ್ತರಿಸುತ್ತಿದ್ದೇನೆ, ಅಷ್ಟೇ.

ನಿನ್ನೆ ಬಿಸಿಲಿಗೆ ಕಾಲು ಚಾಚಿ ಕೂತ ಯಜಮಾನರು ಕೇಳಿದರು: "ಮೂರು ದಿನ ಗಂಟು ಹಿಡ್ಕೊಂಡು ಕುಂತಿದ್ದೆಂತಲ್ಲ? ನಾ ಸತ್ತಿದ್ರ? ಬಾಯಿ ಯಾಕ ಬಿಡಲಿಲ್ಲಲೇ?"

"ಹೇಳಿದ್ರ ಗುಣ ಹೋಗ್ತದಂತ. ನಿಮ್ಮ ಮೊಣಕಾಲು ಮತ್ತ ಹಿಡೀತಾವಂತ ಸುಮ್ನಿದ್ದೆ."

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

ನೀವೇ ಹೇಳಿ, ಜೀವ ಹೋಗುತ್ತಿದ್ದ ಗಂಡನ ಪಕ್ಕ ಕೂತು ಅವನ ಮೊಣಕಾಲು ಕಾಯುತ್ತಿದ್ದವಳಿಗೆ ಏನನ್ನುತ್ತೀರಿ?